ಹಾದಿಮನಿ ಮಾಸ್ತರರ ನದೀನಕ್ಷಾ ಸಮರ

ಸ್ವಸ್ತಿ! ಕರಿಹಲಗೆಯು ಗೋಡೆಯಿಂದಿಳಿದು ಅಂಗೈಯಗಲದ ಗಾಜಿನೊಳಗೆ ಅಡಗಿದ ಈ ವಿಷಮಯುಗದಲ್ಲಿ, ಸುಧಾಖಂಡಪಾಣಿಯೂ ವರ್ತುಲಾಕ್ಷರಸಾರ್ವಭೌಮನೂ ಸಪ್ತವಿಂಶತಿವರ್ಷಪಾಠಪ್ರವಚನಪ್ರಚಂಡನೂ ಆಗಿ ಗದಗ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಫಕೀರಪ್ಪ ಹಾದಿಮನಿ ಮಾಸ್ತರರ ಸಮರಕಥೆಯನ್ನು ಹೇಳುತ್ತೇನೆ. ತೂಕಡಿಸದೆ ಕೇಳಬೇಕು. ತೂಕಡಿಸುವುದಕ್ಕೆಂದೇ ತರಬೇತಿ ಶಿಬಿರಗಳಿವೆ.

ಯುದ್ಧಕ್ಕೆ ಕಾರಣ ಒಂದು ನಕ್ಷೆ. ಮಾಸ್ತರರು ಬಣ್ಣದ ಸೀಮೆಸುಣ್ಣದಲ್ಲಿ ಹಲಗೆಯ ತುಂಬ ಪಾಠ ಬರೆದು, ನಕ್ಷೆ ಬಿಡಿಸಿ, ಫೋಟೊ ಹೊಡೆದು ಆನ್‌ಲೈನ್ ತರಗತಿಗೆ ಏರಿಸುತ್ತಿದ್ದರು. ಊರೆಲ್ಲ ಹೊಗಳುತ್ತಿತ್ತು. ಆದರೆ ಒಂಬತ್ತನೆಯ ತರಗತಿಯ ಕಸ್ತೂರಿಗೆ ಹುಟ್ಟಿನಿಂದ ಕಣ್ಣು ಕಾಣದು. ಅವಳಿಗೆ ಪಾಠವನ್ನು ಫೋನೇ ಓದಿ ಹೇಳಬೇಕು. ಉಳಿದ ಶಿಕ್ಷಕರು ಟೈಪ್ ಮಾಡಿದ್ದನ್ನು ಅದು ಗಡಗಡ ಓದುತ್ತಿತ್ತು. ಹಾದಿಮನಿ ಮಾಸ್ತರರ ಪಾಠ ಬಂದಾಗ ಮಾತ್ರ ‘ಚಿತ್ರ’ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸೋಮವಾರ ಕೃಷ್ಣಾ ನದಿಯ ಮೇಲೆ ಕಿರುಪರೀಕ್ಷೆ. ಹುಡುಗಿ ಮುಖ್ಯೋಪಾಧ್ಯಾಯಿನಿಗೆ ಹೇಳಿದಳು. ಅವರು ಮಾಸ್ತರರನ್ನು, ಎಲ್ಲ ಮಕ್ಕಳಿಗೂ ಎಟುಕುವ ಆನ್‌ಲೈನ್ ಪಾಠ ಕಟ್ಟುವುದು ಹೇಗೆಂಬ ಮೂರು ದಿನದ ತರಬೇತಿಗೆ ಅಟ್ಟಿದರು.

ಮೊದಲೆರಡು ದಿನ ಮಾಸ್ತರರು ಶಿಬಿರಧರ್ಮವನ್ನು ಚಾಚೂ ತಪ್ಪದೆ ಪಾಲಿಸಿದರು: ಸಹಿ ಹಾಕಿದರು, ಉಪ್ಪಿಟ್ಟು ತಿಂದರು, ಹಿಂದಿನ ಸಾಲಿನಲ್ಲಿ ಪೇಪರು ಓದಿದರು. ಮೂರನೆಯ ದಿನ ಸಂಪನ್ಮೂಲ ವ್ಯಕ್ತಿ ಶಾಹೀನಾ ಮೇಡಂ, ಮಾಸ್ತರರ ಸೇವಾವಧಿಯಷ್ಟೇ ವಯಸ್ಸಿನವರು, ರಣನಿಯಮ ಸಾರಿದರು. ಪ್ರತಿಯೊಬ್ಬರೂ ತಮ್ಮ ಫೋನಿನ ಮೇಲೆ ಟವೆಲ್ ಹೊದಿಸಿ ತಮ್ಮದೇ ಪಾಠವನ್ನು ಕಿವಿಯಿಂದ ಮಾತ್ರ ಕಲಿಯಬೇಕು. ಕಲಿಯಲು ಬಂದರಷ್ಟೇ ಪ್ರಮಾಣಪತ್ರ.

ಆಗ ಎದ್ದರು ನೋಡಿ, ಕೋಪಾರುಣನೇತ್ರರಾಗಿ, ಹೆಗಲ ಮೇಲಿನ ಸುಣ್ಣದ ಧೂಳನ್ನು ಕೊಡವುತ್ತ, ನಮ್ಮ ವರ್ತುಲಾಕ್ಷರಸಾರ್ವಭೌಮರು!

“ಮೇಡಂ, ಈ ಕೈ ಬರದ ನಕಾಶೆ ನೋಡಿ ಪಾಸಾದವರು ಸಾವಿರಾರು ಮಂದಿ ಅದಾರ. ನನ್ನ ಅಕ್ಷರ ಓದಲಾರದ ಕಣ್ಣು ಈ ತಾಲೂಕಿನಾಗ ಇನ್ನೂ ಹುಟ್ಟಿಲ್ಲ.”

ಅಂದ ಮೇಲೆ ಅವರಿಗೇ ಕಸ್ತೂರಿಯ ಮುಖ ನೆನಪಾಯಿತು. ಶಾಹೀನಾ ಮೇಡಂ ಟವೆಲ್ ಚಾಚಿದರು.

ಟವೆಲ್ಲಿನಡಿಯಿಂದ ಫೋನು ‘ಚಿತ್ರ’ ಎಂದಿತು. ಮಾಸ್ತರರು ಕಾದರು. ಸಭಾಂಗಣದ ಮೂವತ್ತೆರಡು ಶಿಕ್ಷಕರೂ ಕಾದರು. ಫೋನು ಮತ್ತೇನೂ ಹೇಳಲಿಲ್ಲ. ಇಷ್ಟು ದಿನ ಆ ಹುಡುಗಿ ಹೀಗೇ ಕಾದು ಕೂತಿದ್ದಳೆಂದು ಮಾಸ್ತರರಿಗೆ ಆಗ ಹೊಳೆದು, ನಿಜಕ್ಕೂ ನಾಚಿಕೆಯಾಯಿತು.

ಚಿತ್ರದ ಬೆನ್ನಿಗೆ ವಿವರಣೆ ಬರೆದರೆ ಫೋನು ಅದನ್ನು ಓದುತ್ತದೆ ಎಂದು ಮೇಡಂ ತೋರಿಸಿಕೊಟ್ಟರು. ಇನ್ನೇನು, ಏಕಾಂಗುಲಿವೀರರು ಕೀಲಿಮಣೆಯೆಂಬ ಚಕ್ರವ್ಯೂಹಕ್ಕೆ ನುಗ್ಗಿದರು! ಕೃಷ್ಣೆಯ ವಟ್ರಸುಳಿ ಯಾವ ಗುಹೆಯಲ್ಲಿ ಅವಿತಿತ್ತೋ, ಅದನ್ನು ಹೊರಗೆಳೆಯುವಷ್ಟರಲ್ಲಿ ಚಹಾ ಆರಿತು. ಷಕಾರಕ್ಕೆ ಣಕಾರವನ್ನು ಕಟ್ಟಿಹಾಕುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಒಂದು ಸಲ ಕರೆಂಟು ಹೋಯಿತು. ಒಂದು ಸಲ ಮಾಸ್ತರರೇ ಎಲ್ಲವನ್ನೂ ಅಳಿಸಿಬಿಟ್ಟರು. ಪಕ್ಕದ ಗಣಿತದ ಶಿಕ್ಷಕರು ಟೈಪ್ ಮಾಡಿಕೊಡಲೇ ಎಂದರೆ, ಕ್ಷತ್ರಿಯೋಚಿತವಾಗಿ ನಿರಾಕರಿಸಿದರು. ಅಂತೂ ಸ್ವೇದಬಿಂದುಭೂಷಿತಲಲಾಟರಾಗಿ ಮೂರು ಗಂಟೆ ಕಾದಾಡಿ ವಾಕ್ಯವೊಂದನ್ನು ಗೆದ್ದು ತಂದರು: ‘ಇದು ಕೃಷ್ಣಾ ನದಿಯ ಸುಂದರವಾದ ನಕ್ಷೆ.’

ಸಭಾಂಗಣ ಚಪ್ಪಾಳೆ ತಟ್ಟಿತು. ಮೇಡಂ ಮಾತ್ರ, ಓದಬೇಕಾದವಳಿಗೇ ಕಳಿಸಿ ನೋಡಿ ಅಂದರು. ಕಳಿಸಿದ ಐದೇ ನಿಮಿಷಕ್ಕೆ ಫೋನಿಗೆ ಕಸ್ತೂರಿಯ ಧ್ವನಿಸಂದೇಶ ಬಂತು.

“ಸರ, ನಕಾಶೆ ಚಂದ ಐತಿ ಅಂತ ಗೊತ್ತಾತ್ರಿ. ನದಿ ಎಲ್ಲಿ ಹುಟ್ಟಿ ಎತ್ತಾಗ ಹೋಗತೈತ್ರಿ?”

ಮಾಸ್ತರರು ಮೊದಲು ‘ಸುಂದರವಾದ’ ಎಂಬುದನ್ನು ತಾವೇ ಅಳಿಸಿದರು. ಮೂರು ಗಂಟೆ ಹೋರಾಡಿ ಹೇಳಿದ್ದು ತಮ್ಮ ಕೈಬರಹದ ಸುದ್ದಿಯೇ ಹೊರತು ನದಿಯ ಸುದ್ದಿಯಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು. ಉಳಿದವರು ಪ್ರಮಾಣಪತ್ರ ಹಿಡಿದು ಗುಂಪು ಫೋಟೊಗೆ ನಿಂತರು. ಇವರು ಕುರ್ಚಿ ಬಿಟ್ಟೇಳಲಿಲ್ಲ. ಸಂಜೆ ಬಸ್ಸಿನ ಹೊತ್ತಿಗೆ ಎರಡು ಸಾಲು ಸಿದ್ಧವಾಗಿ ಕಸ್ತೂರಿಗೆ ಹೋದವು: ಕೃಷ್ಣಾ ನದಿ ಪಶ್ಚಿಮ ಘಟ್ಟದ ಮಹಾಬಲೇಶ್ವರದಲ್ಲಿ ಹುಟ್ಟುತ್ತದೆ, ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ.

“ಈಗ ತಿಳೀತ್ರಿ ಸರ,” ಎಂದಳು ಕಸ್ತೂರಿ. ಆ ಮಾತು ಕೇಳಿ ಮಾಸ್ತರರಿಗೆ ಆದ ಸಂತೋಷವನ್ನು ವರ್ಣಿಸಲು ನನ್ನ ಬಳಿ ಸಮಾಸಗಳಿಲ್ಲ.

“ಉಪನದಿ ಯಾವ್ಯಾವ ಅದಾವ್ರಿ?” ಎಂದು ಅವಳೇ ಮುಂದುವರಿಸಿದಳು.

ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ. ಮಾಸ್ತರರು ಒಮ್ಮೆ ಬಸ್ಸಿನ ಕಡೆ, ಒಮ್ಮೆ ಫೋನಿನ ಕಡೆ ನೋಡಿದರು. ಬಳಿಕ ಕನ್ನಡಕ ಒರೆಸಿಕೊಂಡು, ‘ಘ’ ಎಲ್ಲಿದೆ ಎಂದು ಹುಡುಕತೊಡಗಿದರು.