ಒಮ್ಮೆ ಅಳಿಸಬೇಕೆಂದು ಹೊರಟೆ

ಹಾಸ್ಯ ನಾಟಕ ಬರೆಯುವವನು ನೀರು ಕೇಳಿದರೂ ಜನ ನಗುತ್ತಾರೆ. ಪುಣೆಯಲ್ಲಿ ನನಗೆ ಇದು ವಾರಕ್ಕೆರಡು ಸಲವಾದರೂ ಆಗುತ್ತಿತ್ತು. ನಮ್ಮ ಕನ್ನಡ ಸಂಘಕ್ಕೆ ವರ್ಷಕ್ಕೊಂದು ನಗೆನಾಟಕ ಬರೆದುಕೊಟ್ಟು ಹೆಸರಾಗಿದ್ದೆ. ಜೀವನ ಚೆನ್ನಾಗಿಯೇ ಇತ್ತು. ಆದರೆ ಒಮ್ಮೆಯಾದರೂ ಜನರನ್ನು ಅಳಿಸಬೇಕೆಂಬ ಆಸೆ ಮಾತ್ರ ಬಿಡಲೊಲ್ಲದು.

ರಜೆ ಅರ್ಜಿ

ತೊಂಬತ್ತರ ದಶಕದ ಮಾತು. ಖಡಕಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ಮೈ ಕೆಂಡದಂತೆ ಸುಡುತ್ತಿತ್ತು. "ನಿಲ್ಲಲೂ ಆಗುತ್ತಿಲ್ಲ, ಎರಡು ದಿನ ರಜೆ ಕೊಡಿ" ಎಂದು ಮರಾಠಿಯಲ್ಲಿ ಬರೆದು ಸಾಹೇಬರ ಮುಂದಿಟ್ಟೆ. ನನ್ನ ನಗೆನಾಟಕಗಳ ಸುದ್ದಿ ಕೇಳಿದ್ದ ಅವರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಳಿದವರನ್ನೂ ಕರೆದು ಗಟ್ಟಿಯಾಗಿ ಓದಿದರು. ನಾನು ತಲೆ ತಿರುಗಿ ಗೋಡೆ ಹಿಡಿದೆ.

"ವಾ! ಆ್ಯಕ್ಟಿಂಗ್ ಪಣ ಭಾರೀ!" ಎಂದು ಸಾಹೇಬರು ನನ್ನ ನಟನೆಯನ್ನೂ ಮೆಚ್ಚಿ ಬೆನ್ನು ತಟ್ಟಿದರು. ರಜೆ ಸಿಗಲಿಲ್ಲ.

ಸಾಯುವವರ ಬೇಡಿಕೆ

ಆ ಸಿಟ್ಟಿನಲ್ಲೇ ಒಂದು ದುರಂತ ನಾಟಕ ಬರೆಯಲು ಕೂತೆ. ಎರಡು ವರ್ಷ ಹಿಡಿಯಿತು. ಮಗನ ಪಾತ್ರ ನನ್ನದೇ. ತಂದೆಯ ಪಾತ್ರಕ್ಕೆ ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು ಬಂದರು.

"ಮಾರಾಯ್ರೆ, ಒಂದೆರಡು ಜೋಕ್ ಹಾಕಿ" ಎಂದರು.

"ಇದು ದುರಂತ ಅದರೀ. ಕಡೀ ಅಂಕದಾಗ ನೀವು ಸಾಯ್ತೀರಿ."

"ಸಾಯುದಕ್ಕೆ ಅಡ್ಡಿಲ್ಲ. ಆದ್ರೆ ಜನ ನಗದಿದ್ರೆ ನಂಗೆ ಸಾಯ್ಲಿಕ್ಕೆ ಮನಸ್ಸೇ ಬರುದಿಲ್ಲ."

ಹೇಗೂ ಸತ್ತ ಮೇಲೆ ಅವರಿಗೆ ಮಾತಿಲ್ಲವಲ್ಲ ಎಂಬ ಒಂದೇ ಧೈರ್ಯದ ಮೇಲೆ ತಾಲೀಮು ಮುಗಿಸಿದೆ.

ಸ್ಪರ್ಧೆ

ಕನ್ನಡ ನಾಟಕ ಸ್ಪರ್ಧೆಯ ದಿನ ಸಭಾಗೃಹ ತುಂಬಿತ್ತು. ಕಡೆಯ ಅಂಕ. ತಂದೆ ಸತ್ತರು. ನಾನು ಅವರ ಎದೆಯ ಮೇಲೆ ಬಿದ್ದು ಗೋಳಾಡಿದೆ. ಮುಂದಿನ ಸಾಲಿನ ಹೆಂಗಸರು ಸೆರಗಿಗೆ ಕೈ ಹಾಕಿದರು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಹಡಪಸರದ ಬಸ್ಸು ತಡವಾಗಿ ಆಗಷ್ಟೇ ಬಂದಿಳಿದ ಸಂಸಾರವೊಂದು ಬಾಗಿಲಲ್ಲಿ ಜಾಗ ಹುಡುಕುತ್ತಾ ನಿಂತಿತು. ಮೂವತ್ತು ವರ್ಷ ಹೋಟೆಲಿನ ಗಲ್ಲಾದ ಮೇಲೆ ಕೂತ ಅಭ್ಯಾಸ ಎಲ್ಲಿ ಹೋದೀತು? ಹೆಣ ತಲೆ ಎತ್ತಿತು.

"ಬನ್ನಿ, ಬನ್ನಿ! ಇಲ್ಲಿ ಎದುರು ನಾಲ್ಕು ಸೀಟು ಖಾಲಿ ಉಂಟು!"

ಇಷ್ಟು ಹೇಳಿ ಮತ್ತೆ ಸತ್ತರು. ಪರದೆ ಬೀಳುವವರೆಗೂ ನಗು ನಿಲ್ಲಲಿಲ್ಲ. ನಮಗೆ ಅತ್ಯುತ್ತಮ ಹಾಸ್ಯ ನಾಟಕದ ಬಹುಮಾನ ಬಂತು.

ನನಗೆ ತಡೆಯಲಾಗಲಿಲ್ಲ. ಮೈಕ್ ಮುಂದೆ ನಿಂತೆ. "ಇದು ಹಾಸ್ಯ ಅಲ್ಲರೀ! ಎರಡು ವರ್ಷ ಅತ್ತು ಅತ್ತು ಬರದೀನಿ!"

ಸಭೆ ಹೋ ಎಂದು ನಕ್ಕಿತು.

"ನಗಬ್ಯಾಡ್ರಿ, ಕೈ ಮುಗೀತೀನಿ!" ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದನ್ನು ನೋಡಿ ನನಗೂ ನಗು ತಡೆಯಲಾಗಲಿಲ್ಲ.

ತೀರ್ಪುಗಾರರೊಬ್ಬರು ಕಣ್ಣೊರೆಸಿಕೊಳ್ಳುತ್ತಾ ಬಂದು ಮೈಕ್ ತೆಗೆದುಕೊಂಡರು.

"ಹಾಸ್ಯನಟನ ಬಹುಮಾನ ಯಾರಿಗೆ ಅಂತ ನಮ್ಮ ನಮ್ಮಲ್ಲೇ ಜಗಳ ನಡದಿತ್ರಿ. ಈಗ ಬಗೀಹರೀತು. ತಗೋರಿ, ಇದೂ ನಿಮಗ."