ನನ್ನ ಮಗಳ ಕತ್ತರಿಯ ಮೇಲೆ ಹಕ್ಕು ಸಾಧಿಸಿದ ಗರ್ಭಕಾಲದ ಹಾರ್ಮೋನುಗಳಿಗೆ

ಮಾನ್ಯ ಟೆಸ್ಟೋಸ್ಟಿರಾನ್ ಹಾಗೂ ಮಾನ್ಯ ಈಸ್ಟ್ರೋಜನ್ ಅವರ ಸನ್ನಿಧಿಗೆ, ಚರ್ಮದ ಕೈಗವಸು ಹೊಲಿಯುವ ಅಂಗಡಿಯ ಯಜಮಾನಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವಿಬ್ಬರೂ ನನ್ನ ಹೊಟ್ಟೆಯಲ್ಲಿ ಎರಡು ಸಲ, ಒಂಬತ್ತೊಂಬತ್ತು ತಿಂಗಳು ಬಿಡಾರ ಹೂಡಿದ್ದ ಸಂಗತಿ ಈಚೆಗಷ್ಟೇ ತಿಳಿದುಬಂದದ್ದರಿಂದ, ಆಗ ತಮ್ಮ ಕುಶಲ ವಿಚಾರಿಸಲಿಲ್ಲವೆಂದು ಬೇಸರಪಡಬಾರದೆಂದು ಕೋರುತ್ತೇನೆ. ಅದನ್ನು ನಾನು ಬರೀ ವಾಂತಿ ಎಂದುಕೊಂಡಿದ್ದೆ.

ಹೋದ ತಿಂಗಳು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಅಂಗಡಿಗೆ ಬಂದು, ಬಸಿರಿನಲ್ಲಿ ತಮ್ಮಿಬ್ಬರ ಪೈಕಿ ಟೆಸ್ಟೋಸ್ಟಿರಾನ್ ಅವರದು ಮೇಲುಗೈಯಾದರೆ ಮಗುವಿನ ಉಂಗುರದ ಬೆರಳು ತೋರುಬೆರಳಿಗಿಂತ ತುಸು ಉದ್ದವಾಗಿರಬಹುದೆಂದು, ಅಂಥವರಿಗೆ ಧೈರ್ಯ ಹೆಚ್ಚೆನ್ನುವವರೂ ಇದ್ದಾರೆಂದು ವಿವರಿಸಿದಳು. ನೂರಾರು ಕೈಗಳನ್ನು ಒಟ್ಟಿಗೆ ನೋಡಿದರಷ್ಟೇ ಏನಾದರೂ ಹೇಳಬಹುದು, ಒಬ್ಬರ ಬೆರಳು ನೋಡಿ ಅವರ ಗುಣ ಹೇಳಲಾಗದು ಎಂದೂ ಪಾಪ ಬಿಡಿಸಿ ಹೇಳಿದಳು. ಬೆರಳು ತೋರಿಸಿದರೆ ಹಸ್ತ ನುಂಗುವ ನನ್ನ ಮಗ ಮೊದಲರ್ಧ ಕೇಳಿ ಎದ್ದುಹೋಗಿದ್ದ.

ಅವಳು ಕೊಟ್ಟುಹೋದ ನಮೂನೆಯಲ್ಲಿ, ಅಂಗೈ ಕಡೆಯಿಂದ, ಬೆರಳ ಬುಡದ ಗೆರೆಯಿಂದ ತುದಿಯವರೆಗೆ ಅಳೆಯಬೇಕೆಂದಿತ್ತು. ಕೈಗವಸಿನವರಾದ ನಾವು ಅಳೆಯುವುದು ಎರಡು ಬೆರಳ ನಡುವಿನ ಸಂದಿನಿಂದ. ಮಗ ನಮೂನೆ ಓದದೆ, ಮನೆಮಂದಿಯನ್ನೆಲ್ಲ ಕಸುಬಿನ ರೀತಿಯಲ್ಲೇ ಅಳೆದು, ತೋರುಬೆರಳನ್ನು ಮೀರುವುದರಲ್ಲಿ ತನ್ನ ಉಂಗುರದ ಬೆರಳು ಅಕ್ಕನದನ್ನು ಗೆದ್ದಿತೆಂದು ಸಾರಿದ. "ಕತ್ತರಿ ಹಿಡಿಯೋ ಧೈರ್ಯ ನಂಗೆ ನಿನ್ನ ಹೊಟ್ಟೇಲೇ ಬಂದಿದೆ ಕಣಮ್ಮ. ಅಕ್ಕ ಹೊಲಿಗೆ ಮಾಡ್ಕೊಂಡಿರ್ಲಿ" ಎಂದ. ಹನ್ನೊಂದು ವರ್ಷ ಕತ್ತರಿಸುವ ಮೇಜಿನ ಮುಂದೆ ನಿಂತ ನನ್ನ ಮಗಳು "ಹುಟ್ಟೋಕ್ ಮುಂಚೇನೇ ತೀರ್ಮಾನ ಆಗಿದ್ರೆ ನಾನೇನಮ್ಮ ಮಾಡ್ಲಿ" ಎಂದು ಕತ್ತರಿಯನ್ನು ಮೊಳೆಗೆ ನೇತುಹಾಕಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಅವಳು ಸೋತು ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲಿನ ಎರಡು ವಾರ ತಮ್ಮ ಘನತೆ ಊರಿಗೆಲ್ಲ ಹಬ್ಬಿತು. ಮಗ ಧೈರ್ಯದಿಂದಲೇ ಕತ್ತರಿಸಿದ; ಚರ್ಮ ಯಾವ ಕಡೆ ಹಿಗ್ಗುತ್ತದೆಂದು ನೋಡದಿರುವುದಕ್ಕೂ ಧೈರ್ಯ ಬೇಕಷ್ಟೆ. ನಮ್ಮೂರ ಅಂಚೆಯವರು ಅವನು ಕತ್ತರಿಸಿದ ಹೊಸ ಕೈಗವಸು ಹಾಕಿಕೊಂಡು ಬಂದು, ಕೈ ಮುಷ್ಟಿಯಾಗದೆ ಆಶೀರ್ವಾದ ಮಾಡುವ ಭಂಗಿಯಲ್ಲೇ ನಿಂತರು.

ಮಹನೀಯರೇ, ತಮ್ಮ ಮಹಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಜಿನಂಚಿಗೆ ಎಳೆದು ಹದ ನೋಡುವುದನ್ನು ನನ್ನ ಮಗಳಿಗೆ ಕಲಿಸಿದವರು ತಮ್ಮಿಬ್ಬರಲ್ಲಿ ಯಾರು? ಮೊದಲ ವರ್ಷ ಆಕೆ ನಲವತ್ತು ತೊಗಲು ಹಾಳುಮಾಡಿ ಅತ್ತಾಗ ಬೈದವರು ಯಾರು, ಬೈದು ನಲವತ್ತೊಂದನೆಯದನ್ನು ಮುಂದಿಟ್ಟವರು ಯಾರು? ತಾವೇ ಆಗಿದ್ದಲ್ಲಿ ಖುದ್ದಾಗಿ ಬಂದು, ಅಂಚೆಯವರ ಎದುರು, ಸಹಿ ಮಾಡಿ ಹೋಗಬೇಕು. ಜೊತೆಗೆ ಮಗನ ಸೋಮಾರಿತನ ಯಾವ ಬೆರಳಿನದೆಂದು ತಿಳಿಸಿದರೆ ಉಪಕಾರವಾದೀತು.

ಮೊನ್ನೆ ಆ ಹುಡುಗಿ ಮತ್ತೆ ಬಂದು, ಮಗ ಸಂದಿನಿಂದ ಅಳೆದದ್ದನ್ನು ಕೇಳಿ ನಕ್ಕು, ನಮೂನೆಯಲ್ಲಿದ್ದಂತೆ ತಾನೇ ಅಳೆದಳು. ಈಗ ಮಗಳ ಉಂಗುರದ ಬೆರಳೇ ಮುಂದು. ಮಗ ಪೆಚ್ಚಾದ, ಮಗಳು ತಲೆಯೆತ್ತಿದಳು. ಆದರೆ ನಾನು ಆ ಅಳತೆಯನ್ನೂ ಒಪ್ಪಲಿಲ್ಲ. ಒಪ್ಪಿದರೆ ಆಕೆಯ ಹನ್ನೊಂದು ವರ್ಷದ ದುಡಿಮೆ ತಮ್ಮ ಪಾಲಾಗುತ್ತಿತ್ತು. "ಬೆರಳು ಉದ್ದ ಅಂತ ಅಲ್ಲ ಕಣೇ, ಕೆಲಸ ಬರತ್ತೆ ಅಂತ" ಎಂದು ಹೇಳಿ ಕತ್ತರಿಯನ್ನು ಅವಳ ಕೈಗೆ ಕೊಟ್ಟೆ. ಈ ಪತ್ರ ಬರೆಯುತ್ತಿರುವಾಗ ಅದರ ಸದ್ದು ಕೇಳುತ್ತಿದೆ.

ಇಂತಿ, ತಮ್ಮನ್ನು ಹೊತ್ತದ್ದಕ್ಕೆ ಒಮ್ಮೆಯೂ ಗೊಣಗದ
ತಮ್ಮ ವಿಶ್ವಾಸಿ,
ಅಂಗಡಿಯ ಯಜಮಾನಿ

ತಾ.ಕ.: ಮಗನನ್ನು ಕೈಗವಸಿಗೆ ಹೆಬ್ಬೆರಳಿನ ತುಂಡು ಕೂಡಿಸುವುದಕ್ಕೆ ಹಾಕಿದ್ದೇನೆ, ನಮ್ಮ ಕಸುಬಿನಲ್ಲಿ ಅದರಷ್ಟು ಕಷ್ಟದ್ದು ಬೇರೊಂದಿಲ್ಲ. ಹೆಬ್ಬೆರಳಿನ ಬಗ್ಗೆಯೂ ತಾವು ಮೊದಲೇ ಏನಾದರೂ ತೀರ್ಮಾನಿಸಿದ್ದರೆ, ದಯಮಾಡಿ ಅವನ ಕಿವಿಗೆ ಹಾಕಬೇಡಿ.