ಬಲಗೈ ಉಗುರು ಮತ್ತು ಟ್ಯಾಂಗೋ

ಬಲಗೈಯ ಉಗುರಿಗೆ ಒಂದು ಸಂಸಾರದಲ್ಲಿ ಎಷ್ಟು ಮರ್ಯಾದೆ ಸಲ್ಲಬೇಕು ಎಂಬ ವಿಷಯದಲ್ಲಿ ಕನ್ನಡಕದವರಿಗೂ ಅವರ ಹೆಂಡತಿಗೂ ಮೊದಲಿನಿಂದಲೂ ಭಿನ್ನಾಭಿಪ್ರಾಯ. ಕನ್ನಡಕದವರ ಪ್ರಕಾರ ಅವು ಉಗುರುಗಳೇ ಅಲ್ಲ, ವಾದ್ಯದ ಅಂಗ. ಗಿಟಾರಿನ ತಂತಿ ಮೀಟಬೇಕಾದರೆ ಬೆರಳ ತುದಿಯಿಂದ ತುಸುವೇ ಹೊರಗಿಣುಕುವ, ಅರ್ಧಚಂದ್ರದಂತೆ ತೀಡಿದ, ಗಾಜಿನಂತೆ ನುಣುಪಾದ ಉಗುರು ಬೇಕು. ನೀರಿನಲ್ಲಿ ನೆನೆದರೆ ಅದು ಹಪ್ಪಳ. ಹೆಂಡತಿಯ ಪ್ರಕಾರ ಅವು ಪಾತ್ರೆ ತೊಳೆಯದೆ ತಪ್ಪಿಸಿಕೊಳ್ಳಲು ಬೆಳೆಸಿದ ಉಗುರುಗಳು.

ಇಬ್ಬರು ಹೇಳುವುದೂ ನಿಜ. ತೊಂದರೆ ಇರುವುದೇ ಅಲ್ಲಿ.

ಕನ್ನಡಕದವರೆಂದರೆ ಬೀದಿಯ ತಿರುವಿನಲ್ಲಿರುವ ಕನ್ನಡಕದಂಗಡಿಯ ಯಜಮಾನರು. ಕೆಳಗೆ ಅಂಗಡಿ, ಮೇಲೆ ಮನೆ. ಉಗುರಿನ ಮೇಲಿನ ಭಕ್ತಿಯಿಂದ ಸಾಸಿವೆಯಷ್ಟು ಸ್ಕ್ರೂಗಳನ್ನೂ ಎಡಗೈಯಲ್ಲೇ ತಿರುಗಿಸುವುದನ್ನು ಕಲಿತಿದ್ದರು. ಅವರ ಹೆಂಡತಿ ಶಾಲೆಯಲ್ಲಿ ಡ್ರಿಲ್ ಟೀಚರು. ಕೊರಳಲ್ಲಿ ಸದಾ ಒಂದು ಸೀಟಿ. ಆ ಸೀಟಿಗೆ ಬೆದರಿ ನಮ್ಮ ಬೀದಿಯ ನಾಯಿಗಳು ಸಾಲಾಗಿ ನಿಂತದ್ದನ್ನು ನಾನೇ ಕಂಡಿದ್ದೇನೆ. (ನಂಬದವರು ನಾಯಿಗಳನ್ನೇ ಕೇಳಿ.) ಮನೆಯಲ್ಲಿ ಮೂರನೆಯವರು ಟೀಚರ ತಾಯಿ, ಅಂದರೆ ಕನ್ನಡಕದವರ ಅತ್ತೆ. ಉಲ್ಲನ್ ಹೆಣೆಯುತ್ತ ಕೂರುವ ಮುದುಕಿ, ಕಿವಿ ಮಂದ, ಅಳಿಯನ ಸಂಗೀತಕ್ಕೆ ಇಡೀ ಜಗತ್ತಿನಲ್ಲಿದ್ದ ಒಬ್ಬರೇ ಅಭಿಮಾನಿ. ಈ ಕೊನೆಯ ಎರಡು ಸಂಗತಿಗಳಿಗೆ ಸಂಬಂಧವಿದೆಯೆಂದು ಟೀಚರು ಹೇಳುತ್ತಿದ್ದರು.

ಕನ್ನಡಕದವರಿಗೆ ಜೀವನದಲ್ಲಿ ದೊಡ್ಡ ಆಸೆಗಳಿರಲಿಲ್ಲ. ಹೆಂಡತಿ ಒಂದೇ ಒಂದು ಸಲ ಕುರ್ಚಿಯ ಮೇಲೆ ಕೂತು, ಕೈ ಕಟ್ಟಿಕೊಂಡು, ತಾವು ನುಡಿಸುವುದನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಅಷ್ಟೇ. ಮದುವೆಯಾದಂದಿನಿಂದ ಟೀಚರು ಹಾಗೆ ಕೂತದ್ದಿಲ್ಲ. ಇವರು ಗಿಟಾರು ಎತ್ತಿಕೊಂಡರೆ ಅವರು ಇಸ್ತ್ರಿ ಪೆಟ್ಟಿಗೆ ಎತ್ತಿಕೊಳ್ಳುವರು.

"ಇವಳೇ, ಎರಡು ನಿಮಿಷ ಕೂತ್ಕೊಂಡು ಕೇಳಬಾರ್ದಾ?"

"ಕೇಳ್ತಾನೇ ಇದೀನಲ್ರೀ. ಕಿವಿ ಏನು ಕುರ್ಚಿ ಮೇಲೆ ಕೂತ್ಕೊಳ್ಳುತ್ತಾ?"

ಹೀಗಿರುವಾಗ ಟೀಚರ ತಮ್ಮ ಮನೆಗೆ ಬಂದ. ಟೈಲ್ಸ್ ವ್ಯಾಪಾರಿ. ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ, ಆಮೇಲೆ ಮನುಷ್ಯರನ್ನು ನೋಡುವ ಜಾತಿ. ಅವನ ಮದುವೆಯ ಬೆಳ್ಳಿಹಬ್ಬಕ್ಕೆ ಮನೆಯಲ್ಲೇ ಒಂದು ಔತಣ. ಅದರಲ್ಲಿ ಗಂಡ ಹೆಂಡತಿ ಸೇರಿ ಟ್ಯಾಂಗೋ ಕುಣಿಯುವುದು. ಅದಕ್ಕಾಗಿ ಇಬ್ಬರೂ ಕ್ಲಾಸಿಗೆ ಬೇರೆ ಹೋಗುತ್ತಿರುವುದು. ಇಷ್ಟನ್ನೂ ಹೇಳಿ, "ಸಂಗೀತಕ್ಕೆ ದೊಡ್ಡ ಸ್ಪೀಕರ್ ತರಿಸ್ತಿದೀನಿ ಭಾವ, ನೆಲ ಅದುರಬೇಕು," ಎಂದ.

"ಸ್ಪೀಕರ್ ಯಾಕೆ? ಮನೇಲಿ ಕಲಾವಿದ ಇಲ್ವಾ?" ಎಂದು ಯಾರೋ ಅಂದರು. ಅಂದದ್ದು ತಾವೇ ಎಂದು ಕನ್ನಡಕದವರಿಗೆ ಗೊತ್ತಾಗುವಷ್ಟರಲ್ಲಿ ಮಾತು ಮೆಟ್ಟಿಲಿಳಿದು ಹೋಗಿತ್ತು.

ಭಾವಮೈದ ನಕ್ಕ. "ಟ್ಯಾಂಗೋಗೆ ಒಂದು ಗುಂಪೇ ಬೇಕು ಭಾವ. ನೀವು ಒಬ್ಬರೇ ಏನು ಮಾಡ್ತೀರಿ?"

"ಗುಂಪನ್ನೇ ಗಿಟಾರಿಗೆ ಇಳಿಸ್ತೀನಿ."

"ಆಯ್ತು, ಅದೂ ಒಂದು ನೋಡೇಬಿಡೋಣ."

ಅವನು ಹೋದ ಮೇಲೆ ಟೀಚರು ಹೇಳಿದ್ದು ಒಂದೇ ಮಾತು. "ನೋಡಿ, ಅದು ನನ್ನ ತವರು. ಅಲ್ಲಿ ನನ್ನ ತಲೆ ತಗ್ಗಿಸ್ಬೇಡಿ."

ಟ್ಯಾಂಗೋ ಗುಂಪಿನಲ್ಲಿ ಅಳುವುದಕ್ಕೆ ಪಿಟೀಲುಗಳಿರುತ್ತವೆ, ಗದರುವುದಕ್ಕೆ ಪಿಯಾನೋ, ಹೆಜ್ಜೆ ಹಾಕಿಸುವುದಕ್ಕೆ ಆಳೆತ್ತರದ ಗಡಸು ಕಂಠದ ದೊಡ್ಡ ಪಿಟೀಲು, ನಿಟ್ಟುಸಿರು ಬಿಡುವುದಕ್ಕೆ ಹಾರ್ಮೋನಿಯಮ್ಮಿನ ದಾಯಾದಿಯಂಥ, ತೊಡೆಯ ಮೇಲಿಟ್ಟು ಹಿಗ್ಗಿಸಿ ಕುಗ್ಗಿಸುವ ತಿದಿಪೆಟ್ಟಿಗೆ. ಇವರನ್ನೆಲ್ಲ ಆರು ತಂತಿಗೆ ತರುವುದೆಂದರೆ ಒಂದು ಕೂಡುಕುಟುಂಬವನ್ನು ಒಂದೇ ಕೋಣೆಯ ಮನೆಗೆ ಸಾಗಿಸಿದಂತೆ. ದೊಡ್ಡ ಪಿಟೀಲನ್ನು ಹೆಬ್ಬೆರಳಿಗೆ ಒಪ್ಪಿಸಿದರು. ಪಿಯಾನೋವನ್ನು ನಡುವಿನ ಎರಡು ಬೆರಳು ಹಂಚಿಕೊಂಡವು. ಪಿಟೀಲಿನ ಅಳು ಉಂಗುರದ ಬೆರಳಿನ ಪಾಲಾಯಿತು. ಗದರಬೇಕಾದ ಕಡೆ ಗಿಟಾರಿನ ಹೊಟ್ಟೆಗೆ ಗೆಣ್ಣಿನಿಂದ ಒಂದು ಗುದ್ದು. ಉಳಿದದ್ದು ತಿದಿಪೆಟ್ಟಿಗೆ. ಅದು ಕೂಡುಕುಟುಂಬದ ದೊಡ್ಡಪ್ಪನಂತೆ. ಬಿಟ್ಟು ಬರುವಂತಿಲ್ಲ, ತಂದರೆ ಕೂರಿಸಲು ಜಾಗವಿಲ್ಲ.

ಆ ದೊಡ್ಡಪ್ಪನಿಂದಲೇ ಕೆಟ್ಟದ್ದು. ರಾಗದ ನಟ್ಟನಡುವೆ ಪಿಟೀಲು ಮೇಲೇರುತ್ತದೆ, ಹೆಬ್ಬೆರಳು ಕೆಳಗಿಳಿಯುತ್ತದೆ, ಸರಿಯಾಗಿ ಆಗಲೇ ದೊಡ್ಡಪ್ಪ ನಿಟ್ಟುಸಿರು ಬಿಡುತ್ತಾನೆ. ಅಷ್ಟನ್ನೂ ಒತ್ತಿ ಹಿಡಿಯಲು ಎಡಗೈಗೆ ಇನ್ನೊಂದು ಬೆರಳು ಬೇಕಿತ್ತು. ಇಲ್ಲದ ಬೆರಳಿನ ಕೆಲಸವನ್ನೂ ಕಿರುಬೆರಳೇ ಮಾಡಬೇಕು. ಆದ್ದರಿಂದ ಆ ಜಾಗ ಬಂದಾಗಲೆಲ್ಲ ಕನ್ನಡಕದವರು ನಿಲ್ಲುವರು. ಕೈ ಗಾಳಿಯಲ್ಲಿ, ನಾಲಿಗೆ ಹಲ್ಲಿನ ನಡುವೆ. ಬೆರಳುಗಳನ್ನು ತುಂಟ ಮಕ್ಕಳಂತೆ ಒಂದೊಂದಾಗಿ ಹಿಡಿದು ಕೂರಿಸಿ ಮುಂದುವರಿಯುವರು.

"ಅದೊಂದು ಸ್ವರ ಬಿಟ್ಟುಬಿಡ್ರೀ! ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತೆ."

"ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತ ಕೇಳಿದ್ದೆ. ನೀವು ಕೊಡಲಿಯಲ್ಲೂ ಆಗದ್ದಕ್ಕೆ ಉಗುರು ಹಿಡ್ಕೊಂಡು ಕೂತಿದೀರಲ್ರೀ!"

ವಾರಗಟ್ಟಲೆ ಇದೇ ನಡೆಯಿತು. ಕ್ರಮೇಣ ಆ ನಿಲುಗಡೆ ಮನೆಯ ಗೋಡೆಗೇ ಇಂಗಿತು. ಕಷ್ಟದ ಜಾಗ ಬಂದೊಡನೆ ಟೀಚರ ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತು, ಇವರ ಬೆರಳು ಕೂತ ಮೇಲೆಯೇ ಕೆಳಗಿಳಿಯುವುದು. ಕಿವಿ ಕೇಳದ ಅತ್ತೆಯ ಹೆಣಿಗೆ ಕಡ್ಡಿಯೂ ನಿಲ್ಲುವುದು. ಸೋರುವ ನಲ್ಲಿಯ ಹನಿ ಕೂಡ ಬಾಯಲ್ಲೇ ತೂಗಾಡುತ್ತ ಕಾಯುತ್ತಿತ್ತೆಂದು ಕನ್ನಡಕದವರು ಆಣೆ ಮಾಡಿ ಹೇಳುತ್ತಾರೆ. ಅವರ ಆಣೆಗೆ ನಾನು ಜವಾಬ್ದಾರನಲ್ಲ.

ಔತಣದ ದಿನ ಬಂತು. ಮಧ್ಯಾಹ್ನ ಕನ್ನಡಕದವರು ಉಗುರುಗಳನ್ನು ನಯವಾದ ಮರಳುಕಾಗದದಿಂದ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿಕೊಂಡು ಕೂತಿದ್ದರು. ಅತ್ತೆ ಜಾಮ್ ಬಾಟಲಿ ಹಿಡಿದು ಬಂದರು.

"ಅಳಿಯಂದ್ರೇ, ಇದೊಂದು ಮುಚ್ಚಳ ತೆಗೆದುಕೊಡಿ."

"ಅತ್ತೆ, ಇವತ್ತು ಕೈಯಲ್ಲಿ ಆಗಲ್ಲ. ಉಗುರು."

"ಹೂಂ, ಎಗರುತ್ತೆ, ಎಗರುತ್ತೆ. ಸ್ವಲ್ಪ ಜೋರಾಗಿ ತಿರುಗಿಸಿ."

ಜಗತ್ತಿನ ಒಬ್ಬರೇ ಅಭಿಮಾನಿಗೆ ಇಲ್ಲವೆನ್ನುವುದು ಹೇಗೆ? ತಿರುಗಿಸಿದರು. ಟಕ್ ಎಂದಿತು. ಮುಚ್ಚಳವಲ್ಲ. ಉಂಗುರದ ಬೆರಳಿನ ಉಗುರು, ಪಿಟೀಲಿನ ಅಳುವನ್ನೆಲ್ಲ ಹೊತ್ತಿದ್ದ ಉಗುರು, ಬುಡದವರೆಗೆ ಹಾರಿಹೋಗಿತ್ತು.

ಕನ್ನಡಕದವರು ಹಾಸಿಗೆಯ ಮೇಲೆ ಮುದುಡಿ ಮಲಗಿ ಗೋಡೆಗೆ ಮುಖ ಮಾಡಿದರು. "ನಿನ್ನ ತಮ್ಮನಿಗೆ ಹೇಳಿಬಿಡು. ಸ್ಪೀಕರ್ ತರಿಸಲಿ."

ಟೀಚರು ಹಂಗಿಸಲಿಲ್ಲ. ಬಂದು ಕೈ ತಿರುಗಿಸಿ ನೋಡಿದರು. ಆಟದ ಸಾಮಾನಿನ ಚೀಲದಿಂದ ಒಂದು ಪಿಂಗ್‌ಪಾಂಗ್ ಚೆಂಡು ತೆಗೆದರು. ಅದರ ಬೆನ್ನಿನಿಂದ ಉಗುರಿನಷ್ಟು ಚೂರು ಕತ್ತರಿಸಿದರು. ಕೆಳಗಿನ ಅಂಗಡಿಯಿಂದ ಮುರಿದ ಫ್ರೇಮಿಗೆ ಹಚ್ಚುವ ಅಂಟು ತಂದು ಮೊಂಡು ಬೆರಳಿಗೆ ಅಂಟಿಸಿ, ಒಣಗುವವರೆಗೂ ಹಿಡಿದುಕೊಂಡು ಕೂತರು. ಆಮೇಲೆ ತೀಡಿ ತೀಡಿ ದುಂಡಗೆ ಮಾಡಿದರು. ಗಂಡ ಹೆಂಡತಿ ಅಷ್ಟು ಹೊತ್ತು ಕೈ ಹಿಡಿದುಕೊಂಡು ಕೂತದ್ದು ಮದುವೆಯ ಫೋಟೋ ತೆಗೆಸಿದ ಮೇಲೆ ಅದೇ ಮೊದಲು.

"ಈಗ ಮೀಟಿ ನೋಡಿ."

ಮೀಟಿದರು. ಅಸಲಿ ಉಗುರಿಗಿಂತ ಚೆನ್ನಾಗಿ ಅತ್ತಿತು.

"ನಿನಗೆ ಇದು ಹೇಗೆ ಹೊಳೀತು?"

"ಸ್ಕೂಲಲ್ಲಿ ಒಡೆದ ಚೆಂಡುಗಳನ್ನ ಏನು ಮಾಡೋದು ಅಂತ ಯೋಚಿಸ್ತಿದ್ದೆ," ಎಂದರು ಟೀಚರು. ಕನ್ನಡಕದವರ ಕಣ್ಣು ತುಂಬಿ ಬಂತು. ಈ ಉಪಕಾರಕ್ಕೆ ಮುಂದೆ ಏನು ತೆರಬೇಕಾಗುವುದೆಂದು ಆಗ ಹೊಳೆಯಲಿಲ್ಲ, ಪಾಪ.

ಭಾವಮೈದನ ಮನೆಯ ಹಜಾರದ ನೆಲ ಹೇಗಿತ್ತೆಂದರೆ, ನೊಣ ಕೂತರೆ ಜಾರಿ ಬೀಳಬೇಕು. ಅತಿಥಿಗಳು ಗೋಡೆಗೆ ಒರಗಿ ನಿಂತಿದ್ದರು. ಅತ್ತೆಯನ್ನು ಮುಂದಿನ ಸೋಫಾದಲ್ಲಿ ಕೂರಿಸಿ, ಅವರ ಪಕ್ಕದಲ್ಲಿ ಕನ್ನಡಕದವರು ಟೀಚರಿಗಾಗಿ ತಾವೇ ಒಂದು ಕುರ್ಚಿ ತಂದಿಟ್ಟರು. ಟೀಚರು ಕೂತರು! ಕೈಯಲ್ಲಿ ಇಸ್ತ್ರಿ ಪೆಟ್ಟಿಗೆಯಿಲ್ಲ, ಪೊರಕೆಯಿಲ್ಲ. ಕನ್ನಡಕದವರು ಒಂದು ಕಾಲನ್ನು ಪುಟ್ಟ ಮಣೆಯ ಮೇಲೇರಿಸಿ, ತೊಡೆಯ ಮೇಲೆ ಗಿಟಾರಿಟ್ಟು, ಶುರು ಮಾಡಿದರು.

ಕೂಡುಕುಟುಂಬವೆಲ್ಲ ಒಂದೇ ಪೆಟ್ಟಿಗೆಯಿಂದ ಹೊರಬಂತು. ಜನ ಹುಬ್ಬೇರಿಸಿದರು. ಟೈಲ್ಸ್ ವ್ಯಾಪಾರಿ ಹೆಂಡತಿಯ ಸೊಂಟ ಹಿಡಿದು ಕತ್ತು ನೆಟ್ಟಗೆ ಮಾಡಿ ಹೆಜ್ಜೆ ಇಟ್ಟ. ಹೆಜ್ಜೆ, ಹೆಜ್ಜೆ, ತಿರುವು. ಅಷ್ಟರಲ್ಲಿ ಬಂತು ಕಷ್ಟದ ಜಾಗ. ಸಂಗೀತ ನಿಂತಿತು. ಕಾಲುಗಳು ನಿಲ್ಲಲಿಲ್ಲ. ಗಂಡನ ಬೂಟು ಹೆಂಡತಿಯ ಹೆಬ್ಬೆರಳನ್ನೇರಿತು.

"ಅಯ್ಯೋ! ಅಣ್ಣಾ, ಏನಿದು ಹೀಗೆ ನುಡಿಸ್ತೀರಾ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಗೆ ಆ ಮನೆಯಲ್ಲಿ ಎಡೆಯಿರಲಿಲ್ಲ. ನೆಲ ಹಾಕಿಸಿದ್ದು ಸ್ವತಃ ಗಂಡ. ಆದ್ದರಿಂದ ಡೊಂಕು ಗಿಟಾರಿನ ತಲೆಗೆ ಬಂತು. ಆಕೆ ಕುಂಟುತ್ತ ಹೋಗಿ ಅತ್ತೆಯ ಪಕ್ಕ ಕೂತಳು. ಭಾವಮೈದ ನಡುಹಜಾರದಲ್ಲಿ ಒಬ್ಬನೇ, ಗಾಳಿಯ ಸೊಂಟ ಹಿಡಿದುಕೊಂಡು ನಿಂತ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಕನ್ನಡಕದವರ ಬೆರಳುಗಳು ಮಂಜುಗಡ್ಡೆಯಾದವು.

ಆಗ ಟೀಚರು ಎದ್ದರು. ಚಪ್ಪಲಿ ಬಿಟ್ಟು ನಡುಹಜಾರಕ್ಕೆ ಬಂದರು.

"ಬಾರೋ ಇಲ್ಲಿ. ರೀ, ಮೊದಲಿಂದ ನುಡಿಸಿ."

"ಅಕ್ಕಾ, ನಿನಗೆ ಟ್ಯಾಂಗೋ ಎಲ್ಲಿ ಬರುತ್ತೆ?"

"ಟ್ಯಾಂಗೋ ಬರಲ್ಲ ಕಣೋ. ನನಗೆ ನಿಮ್ಮ ಭಾವ ಬರ್ತಾರೆ. ನಾನು ಎಳೆದ ಕಡೆ ಬಾ."

ಕನ್ನಡಕದವರು ನುಡಿಸಿದರು. ಸಾವಿರಾರು ಮಕ್ಕಳಿಗೆ ಎಡ-ಬಲ ಕಲಿಸಿದ ಕಾಲುಗಳು ತಮ್ಮನನ್ನು ಗಾಡಿಯಂತೆ ತಳ್ಳಿಕೊಂಡು ಹೊರಟವು. ಕಷ್ಟದ ಜಾಗ ಬಂತು. ಸಂಗೀತ ನಿಂತಿತು. ಟೀಚರೂ ನಿಂತರು, ಒಂದು ಕಾಲು ನೆಲದಿಂದ ಒಂದು ಗೇಣು ಎತ್ತರದಲ್ಲಿ, ಥೇಟ್ ಆ ಇಸ್ತ್ರಿ ಪೆಟ್ಟಿಗೆಯಂತೆ. ಹಜಾರವೆಲ್ಲ ಉಸಿರು ಹಿಡಿಯಿತು. ಕಿರುಬೆರಳು ಕೂತಿತು, ದೊಡ್ಡಪ್ಪ ನಿಟ್ಟುಸಿರು ಬಿಟ್ಟ, ಕಾಲು ಮೆಲ್ಲಗೆ ನೆಲ ಮುಟ್ಟಿತು.

"ಆಹಾ! ಆ ನಿಲ್ಲಿಸೋದು ನೋಡಿ!" ಎಂದರು ಯಾರೋ. ಚಪ್ಪಾಳೆ ಬಿತ್ತು. ಹೆಂಡತಿ ತಮ್ಮ ಪ್ರತಿ ತಪ್ಪನ್ನೂ ಬಾಯಿಪಾಠ ಮಾಡಿದ್ದಾಳೆ ಎಂದು ಕನ್ನಡಕದವರಿಗೆ ಆ ಕ್ಷಣ ಅರ್ಥವಾಯಿತು. ಕುರ್ಚಿಯಲ್ಲಿ ಕೂರದೆ ಕೇಳಿದ್ದಾಳೆ. ಆದರೆ ಒಂದು ಸ್ವರವನ್ನೂ ಬಿಡದೆ ಕೇಳಿದ್ದಾಳೆ. ಎದೆ ತುಂಬಿತು. ಕೈಗೆ ಹೊಸ ರಕ್ತ ಬಂತು. ಇನ್ನೊಂದು ಸುತ್ತು ಶುರು ಮಾಡಿದರು.

ಇಲ್ಲಿ ಒಂದು ಅನಾಹುತವಾಯಿತು. ಆ ಹುಮ್ಮಸ್ಸಿನಲ್ಲಿ, ಕಷ್ಟದ ಜಾಗದಲ್ಲಿ ಕನ್ನಡಕದವರ ಬೆರಳುಗಳು ಜನ್ಮದಲ್ಲೇ ಮೊದಲ ಸಲ ಒಟ್ಟಿಗೆ, ಸರಿಯಾಗಿ ಹೋಗಿ ಕೂತವು. ಸಂಗೀತ ನಿಲ್ಲಲೇ ಇಲ್ಲ! ನಂಬಿಕೆಯಿಂದ ಒಂಟಿಕಾಲಲ್ಲಿ ನಿಂತಿದ್ದ ಟೀಚರನ್ನು ದಾಟಿಕೊಂಡು ಅದು ಮುಂದೆ ಹೋಯಿತು. ಟೀಚರು ಅದನ್ನು ಹಿಡಿಯಲು ಹಾರಿದರು. ಟೈಲ್ಸ್ ವ್ಯಾಪಾರಿ ಸ್ವಂತ ಟೈಲ್ಸಿನ ಮೇಲೆ ಜಾರಿ, ಅಕ್ಕನನ್ನೂ ಎಳೆದುಕೊಂಡು ಹೋಗಿ ಅತ್ತೆಯ ಕಾಲ ಬಳಿ ಸಾಷ್ಟಾಂಗ ಬಿದ್ದ.

"ದೀರ್ಘಾಯುಷಿಗಳಾಗಿ," ಎಂದು ಅತ್ತೆ ಇಬ್ಬರ ತಲೆಯನ್ನೂ ಸವರಿದರು.

ಟೀಚರು ನೆಲದಿಂದಲೇ ಗುಡುಗಿದರು. "ಏನ್ರೀ ಇದು, ತಪ್ಪಾಗಿ ನುಡಿಸಿಬಿಟ್ರಲ್ಲ!"

"ಇಲ್ಲ ಕಣೇ! ಈಗಲೇ ಸರಿಯಾಗಿ ನುಡಿಸಿದ್ದು!"

"ಸರಿಯಾಗಿ ನುಡಿಸೋದಾದ್ರೆ ಮೊದಲೇ ಹೇಳ್ಬಾರ್ದಾ?"

ನೆರೆದವರೆಲ್ಲ ಟೀಚರ ಪಕ್ಷ. ಆ ಸುಂದರವಾದ ನಿಲುಗಡೆಯನ್ನು ಹಾಳು ಮಾಡಿದ್ದಕ್ಕೆ ಕನ್ನಡಕದವರು ಊಟದ ಮೇಜಿನಲ್ಲಿ ಎಲ್ಲರಿಗೂ ಸಮಜಾಯಿಷಿ ಕೊಡಬೇಕಾಯಿತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಭಾವಮೈದನ ಹೆಂಡತಿ, "ಅಭ್ಯಾಸ ಇನ್ನೂ ಸಾಲದು ಅಣ್ಣ," ಎಂದಳು.

ಮರುದಿನ ರಜೆ. ಬೆಳಗಿನ ತಿಂಡಿಯಾದ ಮೇಲೆ ಅಡುಗೆಮನೆಯ ತೊಟ್ಟಿಯಲ್ಲಿ ಪಾತ್ರೆಗಳ ಬೆಟ್ಟ. ಟೀಚರಿಗೆ ಸೊಂಟ ಹಿಡಿದಿತ್ತು. ಕನ್ನಡಕದವರು ಎಂದಿನಂತೆ ಬಲಗೈಯನ್ನು ಗುರಾಣಿಯಂತೆ ಎತ್ತಿ, "ತೊಳೀತಿದ್ದೆ ಕಣೇ, ಆದ್ರೆ ಉಗುರು..." ಎಂದರು.

ಟೀಚರು ಆಟದ ಸಾಮಾನಿನ ಚೀಲ ತಂದು ತೊಟ್ಟಿಯ ಪಕ್ಕದಲ್ಲಿ ಸುರಿದರು. ಪಿಂಗ್‌ಪಾಂಗ್ ಚೆಂಡುಗಳು ಅಡುಗೆಮನೆಯ ತುಂಬ ಪುಟಿದವು.

"ಮುರೀಲಿ ಬಿಡಿ. ಎಷ್ಟು ಉಗುರು ಬೇಕು ಹೇಳಿ. ಸ್ಕೂಲಲ್ಲಿ ಇನ್ನೂ ಒಂದು ಮೂಟೆ ಇದೆ."

ಕನ್ನಡಕದವರು ಚೆಂಡುಗಳನ್ನು ನೋಡಿದರು, ಪಾತ್ರೆಗಳನ್ನು ನೋಡಿದರು, ತೋಳು ಮಡಿಸಿದರು. ಟೀಚರು ಬಾಗಿಲ ಬಳಿ ಒಂದು ಕುರ್ಚಿ ಎಳೆದುಕೊಂಡರು. ಕೂತರು. ಕೈ ಕಟ್ಟಿಕೊಂಡರು. ಲೋಟಗಳಿಂದ ಹಿಡಿದು ತಳ ಹಿಡಿದ ದೊಡ್ಡ ಪಾತ್ರೆಯವರೆಗೆ, ಮೊದಲಿನಿಂದ ಕೊನೆಯವರೆಗೆ, ಕಣ್ಣು ಮುಚ್ಚಿ ಕೇಳಿದರು. ದೊಡ್ಡ ಪಾತ್ರೆಯ ಸದ್ದು ನಡುವೆ ಒಮ್ಮೆ ನಿಂತಾಗ ಕಣ್ಣು ತೆರೆಯದೆಯೇ ಅಂದರು:

"ಕಷ್ಟದ ಜಾಗ ಅಲ್ವಾ? ಪರವಾಗಿಲ್ಲ, ನಿಧಾನವಾಗಿ ಉಜ್ಜಿ. ನಾನು ಕಾಯ್ತೀನಿ."